ಹಿಲ್ಬರ್ಟ್ ಮ್ಯಾಟ್ರಿಕ್ಸ್ ಮುಂದಿಟ್ಟು ಸಾಫ್ಟ್‌ವೇರ್ ಆರಿಸಿದ ಮಧ್ಯಾಹ್ನ

ಬಿ.ಎಸ್ಸಿ. ಲ್ಯಾಬಿಗೆ ಯಾವ ಗಣಿತ ಸಾಫ್ಟ್‌ವೇರ್ ಹಾಕುವುದೆಂದು ಅಂದು ಮಧ್ಯಾಹ್ನ ಕೂತಾಗ, ಸೌಲಭ್ಯಗಳ ಪಟ್ಟಿ ಬದಿಗಿಟ್ಟು ಒಂದೇ ಲೆಕ್ಕವನ್ನು ಮ್ಯಾಕ್ಸಿಮಾ (ಚಿಹ್ನೆ, ಭಿನ್ನರಾಶಿಗಳಲ್ಲೇ ಲೆಕ್ಕ ಮಾಡುವ ಸಾಫ್ಟ್‌ವೇರ್), ಆಕ್ಟೇವ್ (ದಶಮಾಂಶ ಸಂಖ್ಯೆಗಳಲ್ಲಿ ಲೆಕ್ಕ ಮಾಡುವಂಥದ್ದು) ಎರಡಕ್ಕೂ ಕೊಟ್ಟೆವು. 10×10 ಹಿಲ್ಬರ್ಟ್ ಮ್ಯಾಟ್ರಿಕ್ಸ್: ಮೊದಲ ಅಡ್ಡಸಾಲು 1, 1/2, 1/3 ಎಂದು 1/10ರವರೆಗೆ, ಎರಡನೆಯದು 1/2ರಿಂದ 1/11ರವರೆಗೆ. ಇವನ್ನು ಹತ್ತು ಅಜ್ಞಾತಗಳ ಹತ್ತು ಸಮೀಕರಣಗಳ ಗುಣಾಂಕಗಳೆಂದು ಹಿಡಿದು, ಬಲಗಡೆಗೆ ಆಯಾ ಸಾಲಿನ ಮೊತ್ತ ಇಟ್ಟೆವು. ಹಾಗಾಗಿ ಹತ್ತೂ ಉತ್ತರ 1 ಬರಲೇಬೇಕು.

ಮ್ಯಾಕ್ಸಿಮಾ ಹತ್ತೂ 1 ಕೊಟ್ಟಿತು. ಆಕ್ಟೇವ್‌ನಲ್ಲಿ ಕೆಲವು ಉತ್ತರ ನಾಲ್ಕನೇ ದಶಮಾಂಶದ ಆಸುಪಾಸಿನಲ್ಲಿ ಅಲುಗಾಡಿದವು. ಆಕ್ಟೇವ್ ಕೆಟ್ಟದ್ದೆಂದಲ್ಲ. ಅದು ಸಂಖ್ಯೆಯನ್ನು ಸುಮಾರು 16 ಅಂಕಿಗಳಲ್ಲಿ ಹಿಡಿಯುತ್ತದೆ; ಈ ಮ್ಯಾಟ್ರಿಕ್ಸಿನ ಕಂಡೀಷನ್ ನಂಬರ್ (ಸಣ್ಣ ದೋಷ ಉತ್ತರದಲ್ಲಿ ಎಷ್ಟು ಪಟ್ಟು ಹಿಗ್ಗಬಹುದೆಂಬ ಅಳತೆ) ಸುಮಾರು 1.6×10^13, ಅಂದರೆ ಹದಿಮೂರು ಅಂಕಿಗಳವರೆಗೆ ನಂಬಿಕೆ ಕಳೆದುಹೋಗಬಹುದು. ಮ್ಯಾಕ್ಸಿಮಾಗೆ 1/3 ಕೊನೆಯವರೆಗೂ 1/3 ಆಗಿಯೇ ಇರುತ್ತದೆ. ಆದರೆ ಅದೇ ಭಿನ್ನರಾಶಿ ಹಿಡಿದು 1000×1000ಕ್ಕೆ ಹೋದರೆ ಅಂಶ, ಛೇದಗಳು ಊದಿಕೊಂಡು ಯಂತ್ರ ಕೂತುಬಿಡುತ್ತದೆ. ಅಲ್ಲಿ ಆಕ್ಟೇವೇ ಬೇಕು.

ಭೌತಶಾಸ್ತ್ರದವರಿಗೆ ಪೈಥಾನ್ ಒಳ್ಳೆಯದು. ಅದರ ಲೈಬ್ರರಿಗಳಲ್ಲಿ ಸಿಂಪೈ ಬೀಜಗಣಿತ ಮಾಡುತ್ತದೆ, ಸೈಪೈ ಸಂಖ್ಯಾ ಲೆಕ್ಕ ಮಾಡುತ್ತದೆ. ಸರಳ ಆಂದೋಲಕದ ಸಮೀಕರಣವನ್ನು ಸೈಪೈನ ಹೊಸ ಸಾಲ್ವರ್ solve_ivpಗೆ ಹಾಗೇ ಕೊಟ್ಟು ನೂರು ಆವರ್ತ ಓಡಿಸಿದರೆ, ಘರ್ಷಣೆಯೇ ಇಲ್ಲದ ಲೆಕ್ಕದಲ್ಲೂ ಶಕ್ತಿ ಬದಲಾಗುತ್ತದೆ. ಡಿಫಾಲ್ಟ್ ಸಾಪೇಕ್ಷ ಟಾಲರೆನ್ಸ್ (ಸಾಲ್ವರ್ ಒಪ್ಪಿಕೊಳ್ಳುವ ದೋಷದ ಮಿತಿ) 10^-3 ಇರುವುದೇ ಕಾರಣ. 10^-9 ಮಾಡಿ ಮತ್ತೆ ನೋಡಿ. ಶಕ್ತಿಯ ಗ್ರಾಫನ್ನೂ ರೆಕಾರ್ಡಿನಲ್ಲಿ ಕೇಳುವುದು ಇದಕ್ಕೇ.

ವಿದ್ಯಾರ್ಥಿಗಳು ಎಡವುವ ಜಾಗಗಳು ಬೇರೆಯೇ. ಪೈಥಾನ್‌ನಲ್ಲಿ 2^3 ಎಂದರೆ 8 ಅಲ್ಲ, 1; ಆ ಚಿಹ್ನೆ ಬಿಟ್ ಲೆಕ್ಕದ್ದು, ಘಾತಕ್ಕೆ ಎರಡು ನಕ್ಷತ್ರ ಬೇಕು. 1/3 ಬರೆದರೆ ಸಿಂಪೈ ಕೈಗೆ ಸಿಗುವ ಮೊದಲೇ ದಶಮಾಂಶ ಆಗಿರುತ್ತದೆ. ಮ್ಯಾಕ್ಸಿಮಾದಲ್ಲಿ ಬೆಲೆ ಕೊಡುವುದು ಕೋಲನ್‌ನಿಂದ. ಸಮಚಿಹ್ನೆ ಹಾಕಿದರೆ ಬರೀ ಸಮೀಕರಣವಾಗುತ್ತದೆ, ಎರರ್ ಕೂಡ ಬರುವುದಿಲ್ಲ. ಪ್ರಾಕ್ಟಿಕಲ್ಸ್‌ನಲ್ಲಿ ಅರ್ಧ ಗಂಟೆ ತಿನ್ನುವ ತಪ್ಪು ಇದು.

ಮ್ಯಾಟ್‌ಲ್ಯಾಬ್, ಮ್ಯಾಥಮ್ಯಾಟಿಕಾ ಶಕ್ತಿಶಾಲಿ, ನಿಜ. ಆದರೆ ಕಾಲೇಜಿನ ಲೈಸೆನ್ಸ್ ವಿದ್ಯಾರ್ಥಿಯ ಮನೆಯ ಲ್ಯಾಪ್‌ಟಾಪಿಗೂ ಸಿಗುತ್ತದೆಯೇ, ಕೋರ್ಸ್ ಮುಗಿದ ಮೇಲೆ ಇರುತ್ತದೆಯೇ ಎಂದು ಮೊದಲು ಕೇಳಿಕೊಳ್ಳಬೇಕು. ಕೊನೆಗೆ ಮೊದಲ ವರ್ಷದ ಕ್ಯಾಲ್ಕುಲಸ್, ಬೀಜಗಣಿತಕ್ಕೆ ಮ್ಯಾಕ್ಸಿಮಾ, ನಂತರ ಪೈಥಾನ್ ಎಂದಾಯಿತು. ಸಲ್ಲಿಸುವ ಮುನ್ನ ಪೈಥಾನ್ ನೋಟ್‌ಬುಕ್ಕನ್ನು (ಕೋಡನ್ನು ಸೆಲ್ ಎಂಬ ತುಂಡುಗಳಲ್ಲಿ ಬರೆದು ಓಡಿಸುವ ಫೈಲು) ರೀಸ್ಟಾರ್ಟ್ ಮಾಡಿ ಮೇಲಿಂದ ಪೂರ್ತಿ ಓಡಿಸಬೇಕೆಂಬ ನಿಯಮವನ್ನೂ ಸೇರಿಸಿದೆವು, ಅಳಿಸಿದ ಸೆಲ್‌ನ ಹಳೇ ಬೆಲೆ ಮೆಮೊರಿಯಲ್ಲೇ ಕೂತಿರುತ್ತದಲ್ಲ.