ಗಣಿಯಲ್ಲಿ ಕುಳಿತ ಗೂಬೆ

ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ನಗರದಂಚಿನ ಸಿಂಟ್ ಪೀಟರ್ಸ್‌ಬೆರ್ಗ್ ಗುಡ್ಡದ ಮೇಲೆ ಕಳೆದ ಭಾನುವಾರ ಕೇಳಿದ ಒಂದು ಮಾತು ಇನ್ನೂ ಕಿವಿಯಲ್ಲಿದೆ. 1926ರಲ್ಲಿ ಸ್ಥಾಪನೆಯಾದ ಸಿಮೆಂಟ್ ಕಾರ್ಖಾನೆಗಾಗಿ 2018ರವರೆಗೆ ಸುಣ್ಣಕಲ್ಲು ಅಗೆದ ಆ ಗಣಿ ಈಗ ಜನರು ನಡೆದಾಡಲು ಬರುವ ನಿಸರ್ಗತಾಣ. ವೀಕ್ಷಣಾ ಕಟ್ಟೆಯಿಂದ ಬಗ್ಗಿ ನೋಡಿದರೆ ಹಳದಿ ಗೋಡೆಗಳು, ಅವುಗಳ ನಡುವೆ ಚಕಮಕಿ ಕಲ್ಲಿನ ಕಪ್ಪು ಪಟ್ಟಿಗಳು, ತಳದಲ್ಲಿ ಹಸಿರು ನೀರು.

ಪಕ್ಕದಲ್ಲಿ ದುರ್ಬೀನು ಹಿಡಿದ ಮಹಿಳೆಯೊಬ್ಬರು ಕೊಂಬಿನ ಗೂಬೆಗಾಗಿ ಕಾಯುತ್ತಿದ್ದರು. ನಾವು ಮಾತನಾಡಿದಾಗ ಎರಡು ಬಾರಿ ತುಟಿಯ ಮೇಲೆ ಬೆರಳಿಟ್ಟರು; ಗುಡ್ಡವೇ ಅವರ ಮನೆಯೆಂಬಂತಿದ್ದ ಆ ಗತ್ತು ನನಗೆ ಹಿಡಿಸಲಿಲ್ಲ. ಆಗ, ಹಿಂದೆ ಇದೇ ಗಣಿಯಲ್ಲಿ ದುಡಿದವರೆಂದು ಆಮೇಲೆ ತಿಳಿದ ವೃದ್ಧರು ಮೆಲ್ಲಗೆ ಹೇಳಿದರು: "ನಮ್ಮ ಲಾರಿಗಳು ಓಡಾಡುತ್ತಿದ್ದಾಗಲೇ ಅದು ಬಂದಿತ್ತಮ್ಮ." ಆಕೆ ಉತ್ತರಿಸದೆ ದುರ್ಬೀನಿನ ಗಾಜನ್ನು ಸೆರಗಿಲ್ಲದ ಅಂಗಿಯ ತುದಿಯಿಂದ ಒರೆಸತೊಡಗಿದರು.

ಅವರು ಹೇಳಿದ್ದು ನಿಜ. ಈ ದೇಶದಲ್ಲಿ ಕೊಂಬಿನ ಗೂಬೆ ಮರಿ ಮಾಡಿದ್ದು ವರದಿಯಾದದ್ದು 1997ರಲ್ಲಿ, ಇಲ್ಲಿ, ಅಗೆತ ನಡೆಯುತ್ತಿದ್ದಾಗ. ಅದು ಗೂಡು ಕಟ್ಟುವ ಹಕ್ಕಿಯಲ್ಲ. ಕಡಿದಾದ ಬಂಡೆಯ ಚಾಚು ಸಿಕ್ಕರೆ ಬರಿನೆಲದಲ್ಲೇ ಮೊಟ್ಟೆಯಿಡುತ್ತದೆ, ಅಂಥ ಚಾಚನ್ನು ಇಲ್ಲಿ ಕಡಿದುಕೊಟ್ಟದ್ದು ಯಂತ್ರಗಳು. ಮರುವರ್ಷ, 1998ರಲ್ಲಿ, ಇದೇ ಗಣಿಯಲ್ಲಿ ಡೈನೋಸಾರ್‌ಗಳ ಕಾಲದ ಕಡಲ ಸರೀಸೃಪವಾದ ಮೊಸಾಸಾರ್‌ನ ಪಳೆಯುಳಿಕೆಯೂ ದೊರೆಯಿತು. ಅಗೆಯದಿದ್ದರೆ ಅದೂ ಕಾಣುತ್ತಿರಲಿಲ್ಲ.

ಕನ್ನಡದಲ್ಲಿ ಗೂಬೆ ಕೂರಿಸುವುದೆಂದರೆ ತಪ್ಪು ಹೊರಿಸುವುದು. ಗಣಿ ಎಂದ ಕೂಡಲೇ ಅದರ ಮೇಲೆ ಗೂಬೆ ಕೂರಿಸುವ ಚಾಳಿ ನನ್ನದು. ಇಲ್ಲಿ ಗೂಬೆ ತಾನಾಗಿಯೇ ಬಂದು ಕೂತಿತ್ತು. ಹಾಗೆಂದು ಅರ್ಧ ಗುಡ್ಡವನ್ನು ಪುಡಿಮಾಡಿದ್ದು ಸರಿಯೆಂದು ನಾನು ಒಪ್ಪಲಾರೆ. ಆದರೆ ಮನುಷ್ಯ ಕೆಲಸ ನಿಲ್ಲಿಸಿ, ಬೇಲಿ ಹಾಕಿ, ಫಲಕ ನೆಟ್ಟ ಮೇಲೆ ಮಾತ್ರ ನಿಸರ್ಗ ಮರಳುತ್ತದೆ ಎಂದುಕೊಂಡಿದ್ದೆನಲ್ಲ, ಆ ನಂಬಿಕೆಯಲ್ಲಿ ನಮ್ಮ ದೊಡ್ಡಸ್ತಿಕೆಯೇ ಹೆಚ್ಚಿತ್ತೇನೋ. ಆ ಹಕ್ಕಿ ಯಾರ ಅಪ್ಪಣೆಗೂ ಕಾಯಲಿಲ್ಲ.

ಗೂಬೆ ನಮಗೆ ಕಾಣಲಿಲ್ಲ. ಹೊರಡುವ ಮುನ್ನ ವೃದ್ಧರು ಎದುರಿನ ಗೋಡೆಯತ್ತ ಬರಿಗೈ ಚಾಚಿದರು: ಒಂದು ಚಾಚಿನ ಕೆಳಗೆ ಸುಣ್ಣ ಚೆಲ್ಲಿದಂತೆ ಹಿಕ್ಕೆಯ ಬಿಳಿ ಗೆರೆ ಇಳಿದಿತ್ತು. ಅಷ್ಟು ಹೊತ್ತು ಬೇರೆಲ್ಲೋ ನೋಡುತ್ತಿದ್ದ ದುರ್ಬೀನು ಸದ್ದಿಲ್ಲದೆ ಅತ್ತ ತಿರುಗಿತು.