ಇನ್ನೂ ನಾಲ್ಕು ಐಟಂ ಯಾಕೆ ಬಿಡಬಾರದು?

ಎದುರು ಸಿಕ್ಕವರೆಲ್ಲ ಕೇಳುವುದು ಇದನ್ನೇ. "ನಿಮ್ಮ ಶೇಂಗಾ ಚಟ್ನಿಪುಡಿ ಚೆನ್ನಾಗಿ ಓಡ್ತಿದೆಯಲ್ಲ, ಇನ್ನೂ ನಾಲ್ಕು ಐಟಂ ಯಾಕೆ ಬಿಡಬಾರದು?" ಧಾರವಾಡದ ಕಡೆಯ ಚಟ್ನಿಪುಡಿಗಳನ್ನು ಬೆಂಗಳೂರಿನ ಮನೆಯಲ್ಲೇ ಮಾಡಿ ಮಾರುವವಳು ನಾನು. ಹೊಸದಾಗಿ ಈ ಕೆಲಸಕ್ಕೆ ಇಳಿದವರೂ ಇದನ್ನೇ ಬೇರೆ ಥರ ಕೇಳುತ್ತಾರೆ: ಹೊಸ ಐಟಂ ತರೋದು ಯಾವಾಗ, ಹೇಗೆ?

ಒಮ್ಮೆ ಬಿಟ್ಟಿದ್ದೆ. ಅಗಸಿ ಚಟ್ನಿಪುಡಿ. ರೊಟ್ಟಿ, ಮೊಸರಿನ ಜೊತೆ ಅದನ್ನು ತಿಂದೇ ಬೆಳೆದವಳು, ಸೋಲುತ್ತೆ ಅಂತ ಅನ್ನಿಸಲೇ ಇಲ್ಲ. ಇಪ್ಪತ್ತು ಮನೆಗೆ ಸುಮ್ನೆ ಸ್ಯಾಂಪಲ್ ಕೊಟ್ಟೆ. ಎಲ್ಲರೂ ಸೂಪರ್ ಅಂದರು. ಪುಕ್ಕಟೆ ಸಿಕ್ಕಿದ್ದನ್ನು ಚೆನ್ನಾಗಿಲ್ಲ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ ಹೇಳಿ! ಆ ಧೈರ್ಯದ ಮೇಲೆ 200 ಗ್ರಾಂನ ಪ್ಯಾಕೆಟ್ ಮಾಡಿದೆ. ಪುಡಿಯ ಬಣ್ಣ ಕಾಣಲಿ ಅಂತ ಪಾರದರ್ಶಕ ಕವರು. ಶೇಂಗಾ ಪುಡಿಗೆ ಹಾಕುತ್ತಿದ್ದ "ಮೂರು ತಿಂಗಳು" ಸ್ಟಿಕರನ್ನೇ ಇದಕ್ಕೂ ಅಂಟಿಸಿದೆ.

ಐದನೇ ವಾರಕ್ಕೆ ಫೋನು ಬಂತು. "ಏನ್ರೀ ಇದು, ಪೇಂಟ್ ಡಬ್ಬಿ ವಾಸನೆ ಬರ್ತಿದೆ."

ಅವರು ಹೇಳಿದ್ದು ತಮಾಷೆಯಲ್ಲ. ಪೇಂಟಿಗೆ ಹಾಕುವ ಲಿನ್‌ಸೀಡ್ ಎಣ್ಣೆ ಅಂದರೆ ಅಗಸಿ ಎಣ್ಣೆಯೇ. ಕಾಳಾಗಿ ಇರುವವರೆಗೆ ಸಿಪ್ಪೆ ಅದನ್ನು ಕಾಯುತ್ತದೆ. ಪುಡಿ ಮಾಡಿದ ಕೂಡಲೇ ಎಣ್ಣೆ ಗಾಳಿಗೆ ಸಿಕ್ಕಿ ಕಮಟಾಗಲು ಶುರು. ಒಮೆಗಾ-3 ಇದೆ ಅಂತ ಎಲ್ಲರೂ ಹೊಗಳುತ್ತಾರಲ್ಲ, ಬೇಗ ಕೆಡುವುದೂ ಅದೇ. ಬೆಳಕು ಬಿದ್ದರೆ ಇನ್ನೂ ಬೇಗ. ನನ್ನ ಕವರಂತೂ ಗಾಜಿನ ಹಾಗಿತ್ತು! ಮಾರಿದ್ದನ್ನೆಲ್ಲ ವಾಪಸ್ ತರಿಸಿ ದುಡ್ಡು ಕೊಟ್ಟೆ.

ಈಗ ಯಾವ ಪುಡಿಯಾದರೂ ಮೊದಲು ಹನ್ನೆರಡು ಪ್ಯಾಕೆಟ್ ಮಾಡಿ ಆರನ್ನು ಅಡುಗೆಮನೆ ಕಿಟಕಿಯಲ್ಲಿ, ಆರನ್ನು ಕಪಾಟಿನಲ್ಲಿ ಇಡುತ್ತೇನೆ. ವಾರಕ್ಕೊಮ್ಮೆ ಎರಡೂ ಕಡೆಯಿಂದ ಒಂದೊಂದು ಒಡೆದು ಮೂಸಿ, ತಿಂದು, ಬರೆದಿಡುತ್ತೇನೆ. ಆರನೇ ವಾರಕ್ಕೆ ಕಮಟು ಬಂದರೆ ಲೇಬಲ್ ಮೇಲೆ ನಾಲ್ಕೇ ವಾರ. ಆರು ವಾರ ದಾಟಿಸುವ ಆಸೆ ಇದ್ದರೆ ಇನ್ನಷ್ಟು ಪ್ಯಾಕೆಟ್ ಇಡಬೇಕು. ಇದು ಮನೆಯ ಲೆಕ್ಕ. ಅಂಗಡಿಗೆ ಕೊಡುವ ಮೊದಲು ಲ್ಯಾಬ್ ಪರೀಕ್ಷೆ ಬೇರೆ ಮಾಡಿಸುತ್ತೇನೆ. ಲೇಬಲ್ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದವರು (ಎಫ್ಎಸ್ಎಸ್ಎಐ) ಕೊಡುವ 14 ಅಂಕಿಯ ನಂಬರು, ಹಸಿರು ಚುಕ್ಕೆ, ತೂಕ, ಎಂಆರ್‌ಪಿ ಎಲ್ಲರಿಗೂ ನೆನಪಿರುತ್ತದೆ. ಶೇಂಗಾ ಇದ್ದರೆ ಅಲರ್ಜಿ ಸೂಚನೆಯೂ ಬೇಕು ಅನ್ನೋದನ್ನು ಮಾತ್ರ ತುಂಬ ಜನ ಮರೆಯುತ್ತಾರೆ.

ಸ್ಯಾಂಪಲ್ ಕೊಡುವುದನ್ನು ಬಿಟ್ಟೇಬಿಟ್ಟೆ. ಮೊದಲ ಐವತ್ತು ಪ್ಯಾಕೆಟ್ ಪೂರ್ತಿ ಬೆಲೆಗೇ ಮಾರುತ್ತೇನೆ. ಮೊದಲ ಸಲ ಕೊಂಡವರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಪರಿಚಯಕ್ಕೋ ಮುಲಾಜಿಗೋ ಕೊಂಡಿರುತ್ತಾರೆ. ಕೇಳದೆ ತಾವಾಗಿ ಎರಡನೇ ಸಲ ಬಂದವರು ಎಷ್ಟು ಅಂತ ಪುಸ್ತಕದಲ್ಲಿ ಗೀಟು ಹಾಕುತ್ತೇನೆ. ಅಗಸಿ ಪುಡಿಗೆ ಆ ಗೀಟು ಮೂರೇ ಇತ್ತು. ವಾಸನೆ ಬರುವುದಕ್ಕೆ ಮೊದಲೇ ಅದನ್ನು ನೋಡಬೇಕಿತ್ತು ನಾನು.

ಬೆಲೆಯನ್ನೂ ಆಗಲೇ ಅಂಗಡಿಯ ಲೆಕ್ಕದಲ್ಲಿ ಇಟ್ಟುಬಿಡಿ. ಎಂಆರ್‌ಪಿ 60 ರೂಪಾಯಿ, ಅಂಗಡಿಯವರಿಗೆ ಶೇ. 20 ಬಿಟ್ಟರೆ ನಿಮ್ಮ ಕೈಗೆ 48. ಅದರಲ್ಲೇ ಕಾಳು, ಗ್ಯಾಸು, ಕವರು, ಹುರಿದು ಕುಟ್ಟಿದ ನಿಮ್ಮ ಕೂಲಿ. ಕೂಲಿ ಹಾಕದೆ ಲಾಭ ಬಂತು ಅನ್ನುವ ಹೆಣ್ಣುಮಕ್ಕಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಾನೂ ಎರಡು ವರ್ಷ ಹಾಗೇ ಅಂದವಳು.

ಹೊಸದು ಅಂದರೆ ಹೊಸ ರುಚಿಯೇ ಆಗಬೇಕಾ? ಎಂಟಿಆರ್‌ನವರ ರವೆ ಇಡ್ಲಿ ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ಹುಟ್ಟಿದ್ದು ಅಂತ ಅವರೇ ಹೇಳುತ್ತಾರೆ. ಅಂಥದ್ದು ನಮ್ಮಂಥವರಿಗೆ ದಿನಾ ಹೊಳೆಯುವುದಿಲ್ಲ ಬಿಡಿ. ಕಳೆದ ವರ್ಷ ಜಾಸ್ತಿ ಹೋಗಿದ್ದು ಅದೇ ಶೇಂಗಾ ಪುಡಿ, 50 ಗ್ರಾಂ ಪ್ಯಾಕೆಟ್‌ನಲ್ಲಿ. ಪಿಜಿಯಲ್ಲಿರುವ ಮಗನಿಗೆ ಕಳಿಸುವ ತಾಯಿಯೊಬ್ಬರು "ದೊಡ್ಡದು ತೆರೆದಿಟ್ಟು ಮೆತ್ತಗಾಗುತ್ತೆ, ಚಿಕ್ಕದು ಮಾಡ್ರಿ" ಅಂದಿದ್ದರು. ಬದಲಾಗಿದ್ದು ಕವರು, ಸ್ಟಿಕರು ಅಷ್ಟೇ.

ಅಗಸಿ ಪುಡಿಯೂ ವಾಪಸ್ ಬಂದಿದೆ. ಈಗ 100 ಗ್ರಾಂ, ಬೆಳಕು ಹೋಗದ ಕವರು, ಆರ್ಡರ್ ಬಂದ ವಾರವೇ ಕುಟ್ಟುವುದು. ಕಿಟಕಿಯಲ್ಲಿ ಗುರೆಳ್ಳು ಪುಡಿ ಕೂತಿದೆ. ಮೊನ್ನೆ ನಾಲ್ಕನೇ ಪ್ಯಾಕೆಟ್ ಒಡೆದೆ. ವಾಸನೆ ಸರಿಯಾಗಿದೆ, ಉಪ್ಪು ಒಂಚೂರು ಜಾಸ್ತಿ.