ವಿದ್ಯಾಸಿರಿ ದುಡ್ಡಲ್ಲಿ ರೂಮ್ ಮಾಡಬಹುದಾ?

ಮಾಡಬಹುದು. ಆದರೆ ರೂಮ್ ಮೊದಲು ಮಾಡಬೇಕು, ಹಾಸ್ಟೆಲ್ ಸಿಗದವರಿಗೆ ಊಟ-ವಸತಿಗೆ ಅಂತ ಸರ್ಕಾರ ಕೊಡುವ ಈ ದುಡ್ಡು ಆಮೇಲೆ ಬರುತ್ತದೆ. ಅವಸರ ಇರುವವರಿಗೆ ಇಷ್ಟು ಸಾಕು, ಫೋನ್ ಇಡಿ.

ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. 2023ರಲ್ಲಿ ಬಿ.ಕಾಂ. ಓದಲು ದಾವಣಗೆರೆಗೆ ಬಂದೆ, ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆಯ) ಹಾಸ್ಟೆಲಿಗೆ ಅರ್ಜಿ ಹಾಕಿದೆ, ಸೀಟು ಸಿಗಲಿಲ್ಲ, ಗೆಳೆಯನ ಜೊತೆ ನಿಟುವಳ್ಳಿಯಲ್ಲಿ ರೂಮ್ ಮಾಡಿದೆ. ಅವತ್ತಿನಿಂದ ಊರಲ್ಲಿ ಯಾರ ಮಗ ಪಿಯುಸಿ ಪಾಸಾದರೂ ಫೋನ್ ಬರುವುದು ನನಗೆ. ಹೇಳಿ ಹೇಳಿ ಬಾಯಿ ಒಣಗಿದೆ. ಇನ್ನು ಮೇಲೆ ಇದರ ಲಿಂಕ್ ಕಳಿಸುತ್ತೇನೆ, ಓದಿಕೊಳ್ಳಿ.

ಕೇಳಿದ್ದಕ್ಕೆ ಬೇಜಾರಿಲ್ಲ, ಕೇಳುವ ರೀತಿಗೆ ಬೇಜಾರು. ಕಳೆದ ವರ್ಷ ಜಗಳೂರಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಕೂತಿದ್ದೇನೆ, ಎಲೆಗೆ ಆಗಷ್ಟೇ ಗೋಧಿ ಹುಗ್ಗಿ ಬಿದ್ದಿದೆ. ಎದುರು ಸಾಲಲ್ಲಿದ್ದ ದೂರದ ಸಂಬಂಧದ ಮಾವ ಇಡೀ ಛತ್ರಕ್ಕೆ ಕೇಳುವ ಹಾಗೆ, "ಏನ್ ಅಳಿಯಾ, ಸರ್ಕಾರ ನಿಂಗೆ ಪುಕ್ಕಟೆ ಮನೆ ಕೊಟ್ಟೈತಂತಲ್ಲೋ! ನಮ್ಮ ಹುಡುಗಂಗೂ ಒಂದು ಹಾಕಿಸ್ಕೊಡು" ಅಂದರು. ಹಾಕಿಸ್ಕೊಡು! ಬೀದಿ ದೀಪ ಹಾಕಿಸಿಕೊಟ್ಟ ಹಾಗೆ. ಬಡಿಸುವವನೂ ಸೌಟು ಹಿಡಿದು ನಿಂತುಬಿಟ್ಟ. "ಮನೆ ಅಲ್ಲ ಮಾವ, ತಿಂಗಳಿಗೆ 1500 ರೂಪಾಯಿ" ಅಂದೆ. "ಯಾಕೆ, ಕಡಿಮೆ ಆತೇನು?" ಅಂತ ಪಕ್ಕದವರನ್ನು ನೋಡಿ ನಕ್ಕರು. ನಾನೂ ಸುಮ್ನೆ ನಕ್ಕೆ. ಹುಗ್ಗಿ ತಣ್ಣಗಾಯಿತು.

ಅವತ್ತು ಹೇಳಲಾಗದ್ದನ್ನು ಈಗ ಹೇಳುತ್ತೇನೆ ಮಾವ, ಕೇಳಿ. ವಿದ್ಯಾಸಿರಿ ಶುರುವಾಗಿದ್ದು 2013-14ರಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೆ ಓದುವ, ಆದರೆ ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಬಡ ಮಕ್ಕಳಿಗೆ. ನನಗೆ ಬಂದ ಲೆಕ್ಕ ಹೇಳುವುದಾದರೆ ಊಟಕ್ಕೂ ವಸತಿಗೂ ಸೇರಿಸಿ ತಿಂಗಳಿಗೆ 1500, ಅದೂ ವರ್ಷಕ್ಕೆ 10 ತಿಂಗಳು. ಒಟ್ಟು 15,000. ನಮ್ಮ ರೂಮಿನ ಬಾಡಿಗೆ 2800, ಇಬ್ಬರಿಗೆ ತಲಾ 1400. ಉಳಿದ 100 ರೂಪಾಯಲ್ಲಿ ತಿಂಗಳು ಪೂರ್ತಿ ಊಟ ಮಾಡಬೇಕು. ದಾವಣಗೆರೆ ಮಂಡಕ್ಕಿಗೆ ಹೆಸರಾದ ಊರು ನಿಜ, ಆದರೂ ಮೂರು ಹೊತ್ತೂ ಬರೀ ಮಂಡಕ್ಕಿ ತಿಂದರೂ 100 ರೂಪಾಯಿ ಒಂದು ವಾರಕ್ಕೆ ಬರಲ್ಲ, ಲೆಕ್ಕ ಹಾಕಿ ನೋಡಿದ್ದೇನೆ.

ಅಂದಹಾಗೆ, ಸರ್ಕಾರಕ್ಕೆ ವರ್ಷ ಅಂದರೆ 10 ತಿಂಗಳು. ನಮ್ಮ ಬಾಂಡ್ ಪೇಪರಿನ ಕರಾರಿನಲ್ಲಿ 11, ಯಾಕಂದ್ರೆ ಒಂದು ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಾಗುತ್ತದೆ. ಓನರಿಗೆ ಮಾತ್ರ 12.

ರೂಮ್ ಹುಡುಕಿದ ಕಥೆ ಜಾಸ್ತಿ ಎಳೆಯಲ್ಲ. ಪಿ.ಜೆ. ಬಡಾವಣೆ, ಎಂಸಿಸಿ ಬ್ಲಾಕ್ ಕಡೆ ತಲೆ ಎತ್ತಿ ಬೋರ್ಡ್ ನೋಡಿದ್ದಷ್ಟೇ. ವಿದ್ಯಾನಗರದಲ್ಲಿ ಒಬ್ಬರು ಗೇಟು ತೆಗೆಯುವ ಮೊದಲೇ "ಯಾವ ಜನ ನೀವು?" ಅಂದರು. ಹೇಳಿದೆವು. "ನಮ್ಮನೆಯವರನ್ನ ಕೇಳಿ ಹೇಳ್ತೀನಿ" ಅಂದರು. ಎರಡು ವರ್ಷದ ಮೇಲಾಯಿತು, ಇನ್ನೂ ಕೇಳುತ್ತಿದ್ದಾರೆ ಅನಿಸುತ್ತದೆ.

ಕೊನೆಗೆ ಸಿಕ್ಕಿದ್ದು ಮಹಡಿ ಮೇಲಿನ ಶೀಟಿನ ರೂಮ್. ಏಪ್ರಿಲ್ ಮಧ್ಯಾಹ್ನ ಕಬ್ಬಿಣದ ಮಂಚ ಮುಟ್ಟುವ ಹಾಗಿಲ್ಲ. ಟವಲ್ ನೆನೆಸಿ ನೆಲಕ್ಕೆ ಹಾಸಿ, ಅದರ ಮೇಲೆ ಬೋರಲು ಮಲಗಿ ಓದುತ್ತಿದ್ದೆವು. ನನ್ನ ಅಕೌಂಟೆನ್ಸಿ ಪುಸ್ತಕದ ಹಾಳೆಗಳು ಇವತ್ತಿಗೂ ಹಪ್ಪಳದ ಹಾಗೆ ಸೊಟ್ಟಗಿವೆ. ಕರೆಂಟಿನದು ಇನ್ನೊಂದು. ಆ ವರ್ಷವೇ ಗೃಹಜ್ಯೋತಿ ಬಂತು, ಮನೆಯ ಬಿಲ್ಲು ಸೊನ್ನೆ ಆಯಿತು. ನಮ್ಮ ಹತ್ತಿರ ಮಾತ್ರ ಓನರ್ ತಿಂಗಳಿಗೆ 150 ತಗೊಳ್ಳುವುದು ನಿಲ್ಲಿಸಲಿಲ್ಲ. ಕೇಳಿದ್ದಕ್ಕೆ "ಅದು ಮೋಟರಿಂದು ಕಣ್ರಪ್ಪಾ" ಅಂದರು. ಸರಿ, ಮೋಟರಿಂದು.

ಇನ್ನು ಅರ್ಜಿ. ಎಸ್‌ಎಸ್‌ಪಿ ಅನ್ನುವ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲಲ್ಲಿ ಹಾಕಬೇಕು, ಜಾತಿ-ಆದಾಯ ಪತ್ರದ ಮೇಲಿರುವ ಆರ್‌ಡಿ ನಂಬರ್ ಬೇಕು, ಅದೆಲ್ಲ ಸೈಬರ್ ಸೆಂಟರಿನ ಹುಡುಗರಿಗೇ ಬಾಯಿಪಾಠ ಆಗಿದೆ. ನಾನು ಕೆಟ್ಟದ್ದು ಬೇರೆ ಕಡೆ. ದುಡ್ಡು ನಾವು ದಿನಾ ಬಳಸುವ ಖಾತೆಗೆ ಬರುವುದಿಲ್ಲ, ಆಧಾರ್ ಯಾವ ಖಾತೆಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ನಾನು ತಿಂಗಳುಗಟ್ಟಲೆ ದಾವಣಗೆರೆಯ ಹೊಸ ಖಾತೆ ನೋಡುತ್ತಾ ಕೂತೆ, ಸಿಕ್ಕವರಿಗೆಲ್ಲ ಬೈದೆ. 2024ರ ಜೂನಲ್ಲಿ ಊರಿಗೆ ಹೋದಾಗ ಅವ್ವನ ಟ್ರಂಕಲ್ಲಿ ಎಂಟನೇ ಕ್ಲಾಸಲ್ಲಿ ಮಾಡಿಸಿದ್ದ ಪಾಸ್‌ಬುಕ್ ಸಿಕ್ಕಿತು. ಎಂಟ್ರಿ ಮಾಡಿಸಿದರೆ ದುಡ್ಡು ಅಲ್ಲಿ ಕಾಲು ಚಾಚಿ ಮಲಗಿದೆ! ಬೈಸಿಕೊಂಡವರೆಲ್ಲ ಕ್ಷಮಿಸಿ. ನೀವು ಮಾತ್ರ ಮೊದಲೇ ಬ್ಯಾಂಕಿಗೆ ಹೋಗಿ ಕೇಳಿಕೊಳ್ಳಿ.

ಇಷ್ಟೆಲ್ಲ ಕೇಳುತ್ತೀರಲ್ಲ, ಒಬ್ಬರಾದರೂ "ಅಡ್ವಾನ್ಸ್ ಎಲ್ಲಿಂದ ತಂದೆ?" ಅಂತ ಕೇಳಿದ್ದೀರಾ? ನಮ್ಮ ರೂಮಿಗೆ ಅಡ್ವಾನ್ಸ್ 15,000. ಒಂದು ವರ್ಷದ ವಿದ್ಯಾಸಿರಿ ಎಷ್ಟೋ ಅಷ್ಟು, ಕೀ ಕೈಗೆ ಬರುವ ಮೊದಲೇ. ಅದಕ್ಕೆ ಯಾವ ಪೋರ್ಟಲ್ಲೂ ಇಲ್ಲ. ನನ್ನ ಪಾಲು 7500, ಮೇಲೆ ಮೊದಲ ತಿಂಗಳ ಬಾಡಿಗೆ, ಚಿಕ್ಕ ಸಿಲಿಂಡರ್, ಬಕೆಟ್ಟು, ಚಾಪೆ. ಅವ್ವ ಮಹಿಳಾ ಸಂಘದಲ್ಲಿ 10,000 ಸಾಲ ತೆಗೆದಳು. ಮಗನ ರೂಮಿಗೆ ಅಂದರೆ ಕೊಡುವುದು ಕಷ್ಟ ಅಂತ ಯಾರೋ ಹೇಳಿದ್ದರು, ಅದಕ್ಕೆ ಎಮ್ಮೆ ತರಲು ಅಂತ ಬರೆಸಿದಳು. ಸಂಘದ ಹೆಂಗಸರಿಗೆಲ್ಲ ವಿಷಯ ಗೊತ್ತು, ಬಾಯಿ ಬಿಡಲಿಲ್ಲ. ವಾರಕ್ಕೆ 230ರಂತೆ 50 ಕಂತು. ಈರುಳ್ಳಿ ಹೊಲದ ಕೂಲಿಯಿಂದ 41 ಕಂತು ಅವಳೇ ಕಟ್ಟಿದಳು. ಟ್ರಂಕಿನ ಪಾಸ್‌ಬುಕ್ ಸಿಕ್ಕಿದ ಮೇಲೆ ಉಳಿದ ಒಂಬತ್ತನ್ನು ನಾನು ಒಟ್ಟಿಗೆ ತೀರಿಸಿದೆ.

ಅಂದರೆ ಸಂಘದ ಪುಸ್ತಕದ ಪ್ರಕಾರ ನಾನೊಂದು ಎಮ್ಮೆ. ಕೊನೆಯ ಕಂತು ಕಟ್ಟಲು ನಾನೇ ಹೋಗಿದ್ದೆ. ಪುಸ್ತಕ ಬರೆಯುವ ಅಕ್ಕ ಸಾಲ ಚುಕ್ತಾ ಅಂತ ಗೀಟು ಹಾಕಿ, ನನ್ನನ್ನು ತಲೆಯಿಂದ ಕಾಲಿನವರೆಗೂ ನೋಡಿ, ಅವ್ವನ ಕಡೆ ತಿರುಗಿದಳು.

"ಮೇವು ಸಾಲ್ತಿಲ್ಲ ಅನ್ಸುತ್ತೆ ಕಣೇ, ಎಮ್ಮೆ ಭಾಳ ಸೊರಗೈತಿ."